ಕಮೊಡೋರ್ 64ರ ಶಿಫ್ಟ್ ಲಾಕ್ ಕೀಲಿಗೆ ಎಲ್‌ಇಡಿ ದೀಪ ಜೋಡಿಸುವುದು ಹೇಗೆ?

ಶಿಫ್ಟ್ ಲಾಕ್ (ಒಮ್ಮೆ ಒತ್ತಿದರೆ ಕೆಳಗೇ ನಿಂತು ಶಿಫ್ಟನ್ನು ಹಿಡಿದಿಡುವ ಕೀಲಿ) ಒತ್ತಿರುವುದನ್ನು ತೋರಿಸುವ ದೀಪವನ್ನು ಆ ಕೀಲಿಯ ಎರಡು ತಂತಿಗಳಿಗೇ ಬೆಸೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. 1982ರ ಈ ಹೋಮ್ ಕಂಪ್ಯೂಟರಿನಲ್ಲಿ ಆ ಕೀಲಿಯು ಎಡಗಡೆಯ ಶಿಫ್ಟ್‌ಗೆ ಸಮಾಂತರವಾಗಿ ಸೇರಿದ್ದು, ಕೀಬೋರ್ಡನ್ನು ಓದುವ 6526 ಚಿಪ್ ಮೂಲಕ ಸೆಕೆಂಡಿಗೆ ಸುಮಾರು 60 ಬಾರಿ ತಪಾಸಣೆಯಾಗುವ ಕೀಲಿಗಳ ಜಾಲದ ಭಾಗವಾಗಿರುವುದರಿಂದ, ಅಲ್ಲಿಂದ ದೀಪಕ್ಕೆ ವಿದ್ಯುತ್ ಸೆಳೆದರೆ ಕೀಲಿಗಳ ಓದುವಿಕೆಯೇ ತಪ್ಪಬಹುದು. ಅದರ ಬದಲು, ಕೀಲಿ ಕೆಳಗಿಳಿದಾಗ ಸಂಪರ್ಕ ಕೊಡುವ ಪ್ರತ್ಯೇಕ ಮೈಕ್ರೋಸ್ವಿಚ್ಚೊಂದನ್ನು ಅಳವಡಿಸಿ, ಕೀಬೋರ್ಡ್ ಕನೆಕ್ಟರಿನ 4ನೇ ಪಿನ್ನಿನಲ್ಲಿರುವ 5 ವೋಲ್ಟನ್ನು ಆ ಸ್ವಿಚ್, 470 ಓಮ್ ರೆಸಿಸ್ಟರ್ ಮತ್ತು ದೀಪದ ಮೂಲಕ ಹಾಯಿಸಿ, 1ನೇ ಪಿನ್ನಿನ ಗ್ರೌಂಡಿಗೆ ಸೇರಿಸಿ. ಕೆಂಪು ದೀಪಕ್ಕೆ ಆಗ ಸುಮಾರು 6 ಮಿಲಿಆಂಪಿಯರ್ ದೊರೆಯುತ್ತದೆ. ಅಷ್ಟು ಬೆಳಕು ಧಾರಾಳ. ದೀಪ ಕೂರಿಸಲು ಹಳೆಯ ಕವಚಕ್ಕೆ ರಂಧ್ರ ಕೊರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಅದನ್ನು ಮತ್ತೆ ಮೊದಲಿನಂತೆ ಮಾಡಲಾಗದು.