ಕಪ್ಪು ಬೆಕ್ಕು ಫೋಟೋದಲ್ಲಿ ಬರೀ ಮುದ್ದೆ ಥರ ಬರತ್ತೆ, ಏನ್ ಮಾಡ್ಲಿ? ಬೆಕ್ಕಿನ ಫೋಟೋ, ಎಡಿಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳು ಜಾಸ್ತಿ ಎಡಿಟಿಂಗ್ ಬಗ್ಗೇನೇ ಇದಾವೆ, ಯಾವ ಆಪ್ ಒಳ್ಳೇದು, ಯಾವ ಫಿಲ್ಟರ್ ಹಾಕ್ಬೇಕು ಅಂತ. ಆದ್ರೆ ಓದ್ತಾ ಹೋದ್ರೆ ತೊಂದ್ರೆ ಇರೋದು ಆಪಲ್ಲಲ್ಲ, ಬೆಳಕಲ್ಲಿ. ಹಾಗಾಗಿ ಉತ್ತರಾನೂ ಅಲ್ಲಿಂದ್ಲೇ ಶುರು ಮಾಡ್ತೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ನಮ್ಮನೇಲಿ ಕರಿಯ ಅಂತ ಒಂದು ಕಪ್ಪು ಬೆಕ್ಕಿದೆ ಸರ್. ಎಷ್ಟು ಫೋಟೋ ತೆಗೆದ್ರೂ ಎರಡು ಕಣ್ಣು ಬಿಟ್ರೆ ಮಿಕ್ಕಿದ್ದೆಲ್ಲ ಕಪ್ಪು ಮುದ್ದೆ. ಬ್ರೈಟ್ ಮಾಡಿದ್ರೆ ಬೂದಿ ಬಣ್ಣಕ್ಕೆ ತಿರುಗತ್ತೆ, ಮೈಮೇಲೆಲ್ಲಾ ಕಾಳು ಕಾಳು ಬರತ್ತೆ. (ತೀರ್ಥಹಳ್ಳಿ ಕಡೆಯಿಂದ)

ಉತ್ತರ: ಕರಿಯನ ತಪ್ಪೂ ಅಲ್ಲ, ನಿಮ್ಮ ಫೋನಿನ ತಪ್ಪೂ ಅಲ್ಲ. ಕ್ಯಾಮೆರಾಗೆ ಎದುರಿಗಿರೋದು ಕಪ್ಪು ಬೆಕ್ಕೋ ಬಿಳೀ ಗೋಡೆಯೋ ಅನ್ನೋದು ಅಷ್ಟಾಗಿ ಗೊತ್ತಾಗಲ್ಲ, ಅದು ಎಲ್ಲಾನೂ ಸೇರಿಸಿ ಒಂದು ನಡುಮಟ್ಟದ ಬೂದು ಬಣ್ಣಕ್ಕೆ ತರೋಕೆ ನೋಡತ್ತೆ. ಹಿಂದೆ ಬಿಳೀ ಗೋಡೆ ಇದ್ರೆ ಆ ಗೋಡೆ ಉಳಿಸೋಕೆ ಅಂತ ಬೆಳಕು ಕಮ್ಮಿ ಮಾಡತ್ತೆ, ಆಗ ಕರಿಯ ಮುದ್ದೆ ಆಗ್ತಾನೆ. ಅದೇ ಕಪ್ಪು ಸೋಫಾ ಮೇಲೆ ಮಲಗಿದ್ರೆ ಉಲ್ಟಾ, ಎಲ್ಲಾ ಕತ್ತಲೆ ಇದೆ ಅನ್ಕೊಂಡು ಬೆಳಕು ಜಾಸ್ತಿ ಮಾಡತ್ತೆ, ಆಗ ಬೂದಿ ಬಣ್ಣದ ಬೆಕ್ಕು. ಅದಕ್ಕೆ ಮೊದಲು ಹಿನ್ನೆಲೆ ಬದಲಾಯಿಸಿ. ಬಿಳಿಯೂ ಬೇಡ, ಕಪ್ಪೂ ಬೇಡ, ಮಧ್ಯದ್ದು ಯಾವುದಾದ್ರೂ ಆಗತ್ತೆ. ಹಳೇ ಮನೆ ಆದ್ರೆ ರೆಡ್ ಆಕ್ಸೈಡ್ ನೆಲ ಇರತ್ತಲ್ಲ, ಕಪ್ಪು ಬೆಕ್ಕಿಗೆ ಅದಕ್ಕಿಂತ ಚೆನ್ನಾಗಿರೋದು ದುಡ್ಡು ಕೊಟ್ರೂ ಸಿಗಲ್ಲ.

ಆಮೇಲೆ ಬೆಳಕು. ಮುಂದಿನಿಂದ ನೇರ ಬಿದ್ರೆ ಕಪ್ಪು ಕೂದಲು ಅದನ್ನ ನುಂಗಿಬಿಡತ್ತೆ, ಪಕ್ಕದಿಂದ ಬಿದ್ರೆ ಒಂದೊಂದು ಕೂದಲಿನ ಅಂಚೂ ಹೊಳೆಯತ್ತೆ. ನಿಮ್ಮ ಕಡೆ ಮಳೆಗಾಲದ ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು, ಜಗಲಿ ಅಂಚಲ್ಲಿ ಅವನು ಕೂತಿರೋವಾಗ ನೀವು ಒಳಗಡೆಯಿಂದ ಸ್ವಲ್ಪ ಓರೆಯಾಗಿ ತೆಗೀರಿ. ಬೆಳಕು ಸ್ವಲ್ಪ ಹಿಂದಿನಿಂದ ಬಂದ್ರಂತೂ ಮೈಸುತ್ತ ಒಂದು ಬೆಳ್ಳಗಿನ ಗೆರೆ ಬರತ್ತೆ. ಅಮೆರಿಕದಲ್ಲಿ ವಾಲ್ಟರ್ ಚಾಂಡೋಹಾ ಅಂತ ಒಬ್ರಿದ್ರು, 1949ರಲ್ಲಿ ನ್ಯೂಯಾರ್ಕಿನ ಹಿಮದಲ್ಲಿ ಸಿಕ್ಕಿದ ಒಂದು ಬೀದಿ ಮರಿ ಮನೆಗೆ ತಂದು ಅದಕ್ಕೆ ಲೋಕೋ ಅಂತ ಹೆಸರಿಟ್ಟು, ಅಲ್ಲಿಂದ 2019ರಲ್ಲಿ ತೀರಿಕೊಳ್ಳೋವರೆಗೂ ಬೆಕ್ಕಿನ ಫೋಟೋಗೇ ಹೆಸರಾದವರು, ಅವರ ಫೋಟೋಗಳಲ್ಲಿ ಈ ಹಿಂಬೆಳಕಿನ ಕೂದಲು ಎದ್ದು ಕಾಣತ್ತೆ. ಅವ್ರು ಶುರು ಮಾಡಿದಾಗ ಯಾವ ಆಪೂ ಇರ್ಲಿಲ್ಲ.

ತೆಗೆಯೋವಾಗ ಮುಖದ ಮೇಲೆ ಟ್ಯಾಪ್ ಮಾಡಿ, ಪಕ್ಕದಲ್ಲಿ ಸೂರ್ಯನ ಗುರುತು ಬರತ್ತಲ್ಲ, ಅದನ್ನ ಒಂಚೂರು ಕೆಳಗೆ ಎಳೀರಿ. ಮುಖದ ಮೇಲೆ ಟ್ಯಾಪ್ ಮಾಡಿದ್ರೆ ಫೋನು ಬೆಳಕು ಏರಿಸೇ ಏರಿಸತ್ತೆ, ಅದನ್ನ ವಾಪಸ್ ಇಳಿಸ್ಬೇಕು. ಕ್ಯಾಮೆರಾ ಇದ್ದು ಬೆಕ್ಕು ಫ್ರೇಮ್ ತುಂಬಿದ್ರೆ ಎಕ್ಸ್‌ಪೋಷರ್ ಮೈನಸ್ ಒಂದರ ಹತ್ರ ಇಡಿ. ಬಿಳೀ ಬೆಕ್ಕಿನವ್ರು ಇದನ್ನೇ ಉಲ್ಟಾ ಓದ್ಕೊಳ್ಳಿ.

ಇನ್ನು ಎಡಿಟಿಂಗ್. ಶ್ಯಾಡೋಸ್, ಅಂದ್ರೆ ಕತ್ತಲೆ ಭಾಗಗಳ ಬೆಳಕನ್ನ, ಪೂರ್ತಿ ಮೇಲೆ ಎಳೆಯೋದೇ ನಿಮ್ಮ ಕಾಳಿಗೆ ಕಾರಣ, ಅಲ್ಲಿ ಬೆಳಕೇ ಬಿದ್ದಿಲ್ಲ ಅಂದ್ಮೇಲೆ ಎಳೆದ್ರೆ ಬರೋದು ನಾಯ್ಸ್, ಅಂದ್ರೆ ಆ ಕಾಳು, ಮಾತ್ರ. ಸ್ನಾಪ್‌ಸೀಡ್ ಅನ್ನೋ ಎಡಿಟಿಂಗ್ ಆಪಲ್ಲಿ ಸೆಲೆಕ್ಟಿವ್ ಅಂತಿದೆ, ಕೆನ್ನೆ ಮೇಲೆ ಒಂದು ಚುಕ್ಕಿ ಇಟ್ಟು ಎರಡು ಬೆರಳಲ್ಲಿ ಅದರ ಅಳತೆ ಹೊಂದಿಸಿ ಅಷ್ಟಕ್ಕೆ ಮಾತ್ರ ಸ್ವಲ್ಪ ಬ್ರೈಟ್ ಮಾಡಿ. ಲೈಟ್‌ರೂಮ್ ಆಪ್ ಇದ್ರೆ ಬೆಕ್ಕನ್ನ ಮಾಸ್ಕ್ ಮಾಡಿ (ಬೆಕ್ಕಿನ ಭಾಗ ಮಾತ್ರ ಆರಿಸ್ಕೊಳ್ಳೋದು), ಶ್ಯಾಡೋಸ್ 20-30 ಏರಿಸಿ, ಜೊತೆಗೇ ಬ್ಲ್ಯಾಕ್ಸ್ ಹತ್ತರಷ್ಟು ಇಳಿಸಿ, ಆಗ ಕೂದಲೂ ಕಾಣತ್ತೆ, ಕಪ್ಪು ಕಪ್ಪಾಗೇ ಉಳಿಯತ್ತೆ. ಹೊರಗಿನ ಆಕಾಶದ ಬೆಳಕಿಗೆ ಬೆನ್ನು ಒಂಥರಾ ನೀಲಿ ಹೊಡೀತಿದ್ರೆ ಅದೇ ಮಾಸ್ಕಲ್ಲಿ ಸ್ಯಾಚುರೇಷನ್ ಇಳಿಸಿ. ಆದ್ರೆ ಕಂದು ಛಾಯೆ ಕಂಡ್ರೆ ಅದನ್ನ ತೆಗೀಬೇಡಿ, ಬಿಸಿಲಿಗೆ ಮೈ ಕಾಯಿಸೋ ಕಪ್ಪು ಬೆಕ್ಕುಗಳ ಕೂದಲು ನಿಜವಾಗ್ಲೂ ಕಂದು ತಿರುಗಿರತ್ತೆ, ಅದು ಅವನದೇ ಬಣ್ಣ. ಕ್ಲ್ಯಾರಿಟಿ, ಸ್ಟ್ರಕ್ಚರ್ ಇವೆಲ್ಲ ಮುಟ್ಟಿದ್ರೂ ಮುಟ್ಟಿಲ್ಲ ಅನ್ನೋ ಹಾಗಿರ್ಲಿ, ಜಾಸ್ತಿ ಆದ್ರೆ ಬೆಕ್ಕಿನ ಮೈ ತೆಂಗಿನ ನಾರಿನ ಬ್ರಷ್ ಥರ ಕಾಣತ್ತೆ.

ಪ್ರಶ್ನೆ: ನಮ್ಮ ಬಿಳಿ ಬೆಕ್ಕಿಂದು ಒಂದ್ ಕಣ್ಣ ನೀಲಿ, ಒಂದ್ ಹಳದಿ ಐತ್ರಿ. ಫ್ಲ್ಯಾಶ್ ಹೊಡದ್ರ ಫೋಟೋದಾಗ ನೀಲಿ ಕಣ್ಣ ಕೆಂಪಗ, ಇನ್ನೊಂದ್ ಹಸರ ಬರ್ತೈತಿ. ಏನರ ಕಾಯಿಲೆ ಐತೇನ್ರಿ? (ಹುಬ್ಬಳ್ಳಿ)

ಉತ್ತರ: ಕಾಯಿಲೆ ಅಲ್ಲ, ಹೆದರ್ಬೇಡಿ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಟಪೀಟಮ್ ಅನ್ನೋ ಕನ್ನಡಿಯಂಥ ಪದರ ಇರತ್ತೆ, ಕತ್ತಲಲ್ಲಿ ಸಿಗೋ ಅಷ್ಟೋ ಇಷ್ಟೋ ಬೆಳಕನ್ನ ಇನ್ನೊಂದು ಸಲ ಬಳಸ್ಕೊಳ್ಳೋಕೆ. ಫ್ಲ್ಯಾಶ್ ಅದಕ್ಕೆ ಬಡಿದು ಹಸಿರಾಗಿ ವಾಪಸ್ ಬರತ್ತೆ. ನೀಲಿ ಕಣ್ಣಲ್ಲಿ ಬಣ್ಣದ ಅಂಶ ಕಮ್ಮಿ, ಹಾಗಾಗಿ ಹಿಂದಿನ ರಕ್ತನಾಳದ ಕೆಂಪೇ ಕಾಣತ್ತೆ. ಎರಡೂ ಒಂದೇ ಬಣ್ಣದ ಕಣ್ಣಿರೋ ಬೆಕ್ಕಲ್ಲಿ ಒಂದು ಕಣ್ಣು ಇದ್ದಕ್ಕಿದ್ದ ಹಾಗೆ ಬೇರೆ ಥರ ಹೊಳೆದ್ರೆ, ಮಂಜು ಮಂಜಾದ್ರೆ, ಅಥ್ವಾ ಒಂದೇ ಬೆಳಕಲ್ಲಿ ಒಂದು ಪಾಪೆ ದೊಡ್ಡದು ಒಂದು ಚಿಕ್ಕದು ಕಂಡ್ರೆ ಮಾತ್ರ ಡಾಕ್ಟರಿಗೆ ತೋರಿಸಿ.

ಫೋಟೋಗೆ ಪರಿಹಾರ ಅಂದ್ರೆ ಫ್ಲ್ಯಾಶ್ ಆಫ್ ಮಾಡೋದು, ಅಷ್ಟೇ. ತೆಗೆದಾಗಿದೆ ಅಂದ್ರೆ, ಮನುಷ್ಯರಿಗೆ ಅಂತ ಇರೋ ರೆಡ್ ಐ ಟೂಲ್ ಹಸಿರು ಕಣ್ಣಿಗೆ ಕೆಲ್ಸ ಮಾಡಲ್ಲ, ಅದು ಹುಡುಕೋದೇ ಕೆಂಪನ್ನ. ಕಂಪ್ಯೂಟರಿನ ಲೈಟ್‌ರೂಮ್ ಕ್ಲಾಸಿಕಲ್ಲಿ ಪೆಟ್ ಐ ಅಂತ ಬೇರೇನೇ ಇದೆ. ಅದಿಲ್ದಿದ್ರೆ ಬ್ರಷಲ್ಲಿ ಪಾಪೆ ಮಾತ್ರ ಕಪ್ಪು ಮಾಡಿ, ಒಂದು ಸಣ್ಣ ಬಿಳೀ ಹೊಳಪಿನ ಚುಕ್ಕಿ ಉಳಿಸಿ, ಅದಿಲ್ದಿದ್ರೆ ಕಣ್ಣಿಗೆ ಜೀವಾನೇ ಇರಲ್ಲ. ಎರಡೂ ಕಣ್ಣು ಒಂದೇ ಬಣ್ಣ ಮಾಡೋಕೆ ಹೋಗ್ಬೇಡಿ ಮಾತ್ರ, ಆಮೇಲೆ ಅದು ನಿಮ್ಮ ಬೆಕ್ಕಲ್ಲ.

ಇನ್ನೊಂದು ವಿಷ್ಯ, ನೀಲಿ ಕಣ್ಣಿನ ಬಿಳೀ ಬೆಕ್ಕುಗಳಲ್ಲಿ ಕಿವುಡು ಇರೋ ಸಾಧ್ಯತೆ ಜಾಸ್ತಿ, ನಿಮ್ಮದರ ಥರ ಇದ್ರೆ ನೀಲಿ ಕಣ್ಣಿನ ಕಡೆ ಕಿವಿ. ಎಷ್ಟು ಕರೆದ್ರೂ ಕ್ಯಾಮೆರಾ ಕಡೆ ತಿರುಗ್ತಿಲ್ಲ ಅಂದ್ರೆ ಹಠ ಅನ್ಕೋಬೇಡಿ, ಏನಾದ್ರೂ ಅಲ್ಲಾಡಿಸಿ ತೋರಿಸಿ.

ಪ್ರಶ್ನೆ: ಪೋರ್ಟ್ರೇಟ್ ಮೋಡಲ್ಲಿ ತೆಗೆದ್ರೆ ಮೀಸೆ ಮಾಯ ಆಗತ್ತೆ, ಕಿವಿ ತುದಿ ಕತ್ತರಿಸಿದ ಹಾಗೆ ಬರತ್ತೆ, ಯಾಕೆ?

ಉತ್ತರ: ಅದು ನಿಜವಾದ ಬ್ಲರ್ ಅಲ್ಲ, ಫೋನು ಯಾವುದು ಹತ್ರ ಯಾವುದು ದೂರ ಅಂತ ಲೆಕ್ಕ ಹಾಕಿ ದೂರದ್ದನ್ನ ಒರೆಸೋದು. ಮೀಸೆ ತೆಳ್ಳಗೆ ಗಾಳಿಯಲ್ಲಿ ನಿಂತಿರತ್ತೆ, ಅದನ್ನೂ ಹಿನ್ನೆಲೆ ಅಂತ ಒರೆಸಿ ಹಾಕತ್ತೆ. ಬೆಕ್ಕಿಗೆ ಒಂದೊಂದು ಕಡೆ ಸಾಮಾನ್ಯವಾಗಿ 12ರಷ್ಟು ಮೀಸೆ ನಾಲ್ಕು ಸಾಲಲ್ಲಿ ಇರತ್ತೆ, ಹೋದ್ರೆ ತಕ್ಷಣ ಗೊತ್ತಾಗತ್ತೆ. ತೆಗೆದ್ಮೇಲೂ ಎಡಿಟಲ್ಲಿ ಬ್ಲರ್ ಕಮ್ಮಿ ಮಾಡ್ಬೋದು, ಅರ್ಧಕ್ಕೆ ಇಳಿಸಿ ನೋಡಿ. ಅದಕ್ಕಿಂತ ಒಳ್ಳೇದು ಸಾಮಾನ್ಯ ಮೋಡಲ್ಲೇ ಝೂಮ್ ಲೆನ್ಸ್ ಹಾಕಿ, ಬೆಕ್ಕು ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಇರೋ ಹಾಗೆ ನೋಡ್ಕೊಂಡು ತೆಗೆಯೋದು, ಹಿನ್ನೆಲೆ ತಾನಾಗೇ ಮೆತ್ತಗಾಗತ್ತೆ. ಈಗಾಗ್ಲೇ ಹಾಳಾಗಿರೋ ಫೋಟೋದ ಬ್ಲರ್ ಇಲ್ಲದ ಕಾಪಿ ಇದ್ರೆ, ಬ್ರೌಸರಲ್ಲೇ ಫ್ರೀಯಾಗಿ ಓಡೋ ಫೋಟೋಪೀಯಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು ಸಣ್ಣ ಬ್ರಷಲ್ಲಿ ಮೀಸೆ ಜಾಗ ಮಾತ್ರ ತೆರೀರಿ. ತಾಳ್ಮೆ ಬೇಕು.

ಪ್ರಶ್ನೆ: ನಮ್ಮ ಮರಿ ಒಂದು ಕ್ಷಣ ಕೂರಲ್ಲ, ಎಲ್ಲಾ ಶೇಕ್. ಶಟರ್ ಸ್ಪೀಡ್ ಜಾಸ್ತಿ ಮಾಡಿದ್ರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರತ್ತೆ. (ಬೆಂಗಳೂರು)

ಉತ್ತರ: ಪಟ್ಟೆ ಬರ್ತಿರೋದು ನಿಮ್ಮ ಎಲ್‌ಇಡಿ ಬಲ್ಬಿಂದ. ನಮ್ಮ ಕರೆಂಟು 50 ಹರ್ಟ್ಝ್, ಅಂದ್ರೆ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕ್ತಾವೆ, ಕಣ್ಣಿಗೆ ಕಾಣಲ್ಲ ಕ್ಯಾಮೆರಾಗೆ ಕಾಣತ್ತೆ. ಶಟರ್ 1/100 ಸೆಕೆಂಡಿಗೆ ಇಟ್ರೆ ಪಟ್ಟೆ ಹೋಗತ್ತೆ, ಆದ್ರೆ ಆಡೋ ಮರಿಗೆ 1/500 ಆದ್ರೂ ಬೇಕು, ಎರಡೂ ಒಟ್ಟಿಗೆ ಆಗಲ್ಲ. ಲೈಟ್ ಆರಿಸಿ ಹಗಲು ಹೊತ್ತು ಕಿಟಕಿ ಹತ್ರ ಹೋಗಿ, ಬೇರೆ ದಾರಿ ಹುಡುಕ್ತಾ ಟೈಮ್ ವೇಸ್ಟ್ ಮಾಡ್ಬೇಡಿ.

ಚೆನ್ನಾಗಿ ಆಡಿಸಿ ಊಟ ಹಾಕಿ, ಆಮೇಲೆ ಮೈ ನೆಕ್ಕೊಂಡು ಕೂರತ್ತಲ್ಲ, ಅದು ನಿಮ್ಮ ಟೈಮು. ನೆಲದ ಮೇಲೆ ಮಲಗಿ, ಲೆನ್ಸು ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಬರ್ಬೇಕು, ನಿಂತ್ಕೊಂಡು ಮೇಲಿಂದ ತೆಗೆದ್ರೆ ಬರೀ ನೆತ್ತಿ. ಪಾಕೆಟ್ ಪರಪರ ಅನ್ನೋ ಸದ್ದಿಗೆ ಎರಡು ಮೂರು ಸಲ ತಿರುಗತ್ತೆ, ಆಮೇಲೆ ಕ್ಯಾರೇ ಅನ್ನಲ್ಲ, ಹಾಗಾಗಿ ಎಲ್ಲಾ ರೆಡಿ ಆದ್ಮೇಲೆ ಮಾತ್ರ ಸದ್ದು ಮಾಡಿ. ಆಟದ ಸಾಮಾನು ಮೂಗಿನ ಮುಂದೆ ಹಿಡೀಬೇಡಿ, ಒಂದಡಿಗಿಂತ ಹತ್ರದ್ದು ಬೆಕ್ಕಿಗೆ ಸರಿಯಾಗಿ ಕಾಣಲ್ಲ. ಲೇಸರ್ ಬೇಡ್ವೇ ಬೇಡ, ಕಣ್ಣಿಗೂ ಅಪಾಯ, ಕ್ಯಾಮೆರಾ ಸೆನ್ಸರಿಗೂ. ಕಿವಿ ಹಿಂದಕ್ಕೆ ಹೋಯ್ತು, ಬಾಲ ನೆಲಕ್ಕೆ ಬಡೀತಿದೆ ಅಂದ್ರೆ ಶೂಟಿಂಗ್ ಮುಗೀತು ಅಂತ, ಬಿಟ್ಬಿಡಿ.

ಪ್ರಶ್ನೆ: ಹಬ್ಬಕ್ಕೆ ಹೂವಿನ ಅಲಂಕಾರದ ಮಧ್ಯೆ ಬೆಕ್ಕನ್ನ ಕೂರಿಸಿ ಫೋಟೋ ತೆಗೀಬೇಕು ಅಂತ ಆಸೆ, ಯಾವ ಹೂವು ಚೆನ್ನಾಗಿರತ್ತೆ?

ಉತ್ತರ: ಯಾವುದು ಬೇಡ ಅಂತ ಮೊದಲು ಹೇಳ್ತೀನಿ, ಲಿಲ್ಲಿ. ಬೊಕೆಗಳಲ್ಲಿ ಬರೋ ಆ ದೊಡ್ಡ ಲಿಲ್ಲಿಯ ಎಲೆ, ಹೂವು, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಹಾಳು ಮಾಡತ್ತೆ, ಮೈಮೇಲೆ ಬಿದ್ದ ಪರಾಗ ನೆಕ್ಕಿದ್ರೂ ಸಾಕು. ಹೂಮಾಲೆಯ ದಾರ, ರಿಬ್ಬನ್ನು ನುಂಗಿದ್ರೆ ಕರುಳಲ್ಲಿ ಸಿಕ್ಕಿಹಾಕ್ಕೊಳತ್ತೆ. ಉರಿಯೋ ದೀಪದ ಹತ್ರ ಬಾಲ ಹೋಗೋದು ನಿಮಗೇ ಗೊತ್ತು. ಬೆಕ್ಕಿನ ಫೋಟೋ ಒಂದು, ದೀಪ ಹೂವಿನ ಫೋಟೋ ಒಂದು ಬೇರೆ ಬೇರೆ ತೆಗೆದು, ಕ್ಯಾಮೆರಾ ಒಂದೇ ಜಾಗದಲ್ಲಿಟ್ಟು, ಆಮೇಲೆ ಎಡಿಟಲ್ಲಿ ಸೇರಿಸಿ. ಬೆಳಕಿನ ದಿಕ್ಕು ಎರಡರಲ್ಲೂ ಒಂದೇ ಇರ್ಲಿ, ಇಲ್ದಿದ್ರೆ ಅಂಟಿಸಿದ್ದು ಅಂತ ಚಿಕ್ ಮಕ್ಳಿಗೂ ಗೊತ್ತಾಗತ್ತೆ.

ಪ್ರಶ್ನೆ: ನಮ್ಮ ಪುಟ್ಟಿ ಹೋದ ವರ್ಷ ತೀರ್ಕೊಂಡ್ಳು. ಉಳಿದಿರೋದು ವಾಟ್ಸಾಪಲ್ಲಿ ಬಂದಿದ್ದ ಒಂದೇ ಫೋಟೋ, ಅದೂ ಸ್ವಲ್ಪ ಬ್ಲರ್. ಎಐ ಹಾಕಿ ದೊಡ್ಡದು ಮಾಡಿಸಿದೆ, ಚೆನ್ನಾಗೇ ಬಂತು ಆದ್ರೆ ಅವಳ ಥರ ಕಾಣ್ತಿಲ್ಲ. (ಮೈಸೂರು)

ಉತ್ತರ: ನಿಮ್ಮ ಕಣ್ಣು ಸರಿಯಾಗೇ ಹೇಳ್ತಿದೆ. ಫೋಟೋದಲ್ಲಿ ಇಲ್ಲದ ವಿವರವನ್ನ ಎಐ ಹುಡುಕಿ ತರಲ್ಲ, ಬೇರೆ ಸಾವಿರಾರು ಬೆಕ್ಕುಗಳನ್ನ ನೋಡಿ ಊಹೆ ಮಾಡಿ ತುಂಬತ್ತೆ. ನೀವು ಕಳಿಸಿದ ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದೆ, ಪುಟ್ಟಿ ಹಣೆ ಮೇಲೆ ಪಟ್ಟೆ ಬೆಕ್ಕಿಗಿರೋ ಆ ಎಮ್ ಆಕಾರದ ಗುರುತಿನ ಎಡಗಡೆ ಗೆರೆ ಮೂಲ ಫೋಟೋದಲ್ಲಿ ಅರ್ಧಕ್ಕೆ ನಿಂತಿದೆ, ಎಐ ಅದನ್ನ ನೀಟಾಗಿ ಪೂರ್ತಿ ಮಾಡಿಬಿಟ್ಟಿದೆ. ಮೂಗಿನ ಪಕ್ಕದ ಕಪ್ಪು ಚುಕ್ಕಿಯನ್ನ ಕೊಳೆ ಅನ್ಕೊಂಡು ಒರೆಸಿದೆ. ಅವಳು ಇದ್ದಿದ್ದೇ ಆ ಚುಕ್ಕಿಯಲ್ಲಿ.

ಮೂಲ ಫೋಟೋಗೆ ವಾಪಸ್ ಬನ್ನಿ. ಮೊದಲು ಕಳಿಸಿದವರ ಫೋನಲ್ಲಿ ಒರಿಜಿನಲ್ ಇದ್ಯಾ ಕೇಳಿ, ಇದ್ರೆ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಆಗ ಅಳತೆ ಕುಗ್ಗಲ್ಲ. ಸಿಗ್ಲಿಲ್ಲ ಅಂದ್ರೂ ಪರ್ವಾಗಿಲ್ಲ, ನಿಮ್ಮ ಹತ್ರ ಇರೋದು 1200×1600 ಪಿಕ್ಸೆಲ್, 5×7 ಇಂಚಿಗೆ ಆರಾಮಾಗಿ ಸಾಕು. 12×18 ಮಾಡಿಸೋ ಆಸೆ ಬಿಡಿ, ಅದಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3600×5400 ಬೇಕು. ಟ್ಯೂಬ್‌ಲೈಟಿನ ಹಸಿರು ಛಾಯೆ ಮಾತ್ರ ಟಿಂಟಲ್ಲಿ ಸರಿ ಮಾಡಿ, ಕಣ್ಣಿನ ಸುತ್ತ ಒಂಚೂರು ಶಾರ್ಪ್ ಮಾಡಿ, ಸಾಕು. ಪ್ರಿಂಟಿಗೆ ಮ್ಯಾಟ್ ಪೇಪರ್ ಕೇಳಿ, ಗ್ಲಾಸಿಯಲ್ಲಿ ಬ್ಲರ್ ಎದ್ದು ಕಾಣತ್ತೆ. ಸ್ಟುಡಿಯೋದವ್ರಿಗೆ ಫೈಲನ್ನ ಪೆನ್‌ಡ್ರೈವಲ್ಲೇ ಕೊಡಿ, ಆಟೋ ಕರೆಕ್ಷನ್ ಹಾಕ್ಬೇಡಿ ಅಂತ ಬಾಯಿಬಿಟ್ಟು ಹೇಳಿ, ಹೇಳ್ದಿದ್ರೆ ಅವ್ರು ಅಭ್ಯಾಸಬಲದಲ್ಲಿ ಚುಕ್ಕಿ ಒರೆಸಿಬಿಟ್ಟಿರ್ತಾರೆ.