ಚಿತ್ರದುರ್ಗದ ಬೋರ್‌ವೆಲ್ ನೀರಿನಿಂದ ಲಿಥಿಯಂ ತೆಗೆಯಬಹುದೇ?

ಚಳ್ಳಕೆರೆ ಕಡೆಯ ಶುದ್ಧ ಕುಡಿಯುವ ನೀರಿನ ಘಟಕ ಚರಂಡಿಗೆ ಬಿಡುವ ನೀರಿಗೆ ಎಲೆಕ್ಟ್ರೋಡ್ ಇಳಿಸಿ ಲಿಥಿಯಂ ತೆಗೆಯಲು ಆಗುತ್ತದೆಯೇ, ಕೊನೆ ವರ್ಷದ ಪ್ರಾಜೆಕ್ಟ್‌ಗೆ ಇದು ನಡೆಯುತ್ತದೆಯೇ ಎಂದು ಕೇಳಿದ್ದೀರಿ. ದುಡ್ಡು ಮಾಡುವ ಆಸೆಯಿದ್ದರೆ ಬಿಟ್ಟುಬಿಡಿ. ಪ್ರಾಜೆಕ್ಟ್‌ಗೆ ಧಾರಾಳವಾಗಿ ನಡೆಯುತ್ತದೆ, ಆದರೆ ಮೊದಲೇ ಆ ನೀರಿಗೆ ಕೈ ಹಾಕಬೇಡಿ.

ಸಾಮಾನ್ಯ ಅಂತರ್ಜಲದಲ್ಲಿ ಲಿಥಿಯಂ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಲೀಟರಿಗೆ 40 ಮೈಕ್ರೋಗ್ರಾಂ ಅಂದುಕೊಂಡರೂ 10,000 ಲೀಟರ್‌ನಲ್ಲಿ 0.4 ಗ್ರಾಂ. ಚಿಲಿಯ ಅಟಕಾಮಾ ಉಪ್ಪುನೀರಿನಲ್ಲಿ ಒಂದೇ ಲೀಟರಿಗೆ ಒಂದು ಗ್ರಾಂಗಿಂತ ಹೆಚ್ಚಿರುತ್ತದೆ.

ಕರೆಂಟ್ ದೊಡ್ಡ ಖರ್ಚೇ ಅಲ್ಲ, 1 ಗ್ರಾಂ ಲಿಥಿಯಂಗೆ 3.86 ಆಂಪಿಯರ್-ಅವರ್ ಸಾಕು. ಕಾಟ ಕೊಡುವುದು ಸೋಡಿಯಂ. ಲೀಟರಿಗೆ 200 ಮಿ.ಗ್ರಾಂ ಸೋಡಿಯಂ ಇದ್ದರೆ ಒಂದು ಲಿಥಿಯಂ ಅಯಾನಿಗೆ ಸುಮಾರು 1,500 ಸೋಡಿಯಂ ಅಯಾನುಗಳು ಪೈಪೋಟಿಗೆ ನಿಂತಿರುತ್ತವೆ. ಲಿಥಿಯಂ ಅಯಾನುಗಳನ್ನು ತನ್ನೊಳಗೆ ಸೇರಿಸಿಕೊಳ್ಳುವ ಐರನ್ ಫಾಸ್ಫೇಟ್ ಎಲೆಕ್ಟ್ರೋಡ್, ಸೋಡಿಯಂಗಿಂತ ಲಿಥಿಯಂಗೆ ಕೊಡುವ ರಿಯಾಯಿತಿ ಹೆಚ್ಚುಕಡಿಮೆ 0.2 ವೋಲ್ಟ್. ಸಾಂದ್ರತೆಯ ಅಂತರ ಹತ್ತು ಪಟ್ಟು ಹೆಚ್ಚಾದಂತೆಲ್ಲ ಅದರಲ್ಲಿ 0.059 ವೋಲ್ಟ್ ಹೋಗುತ್ತದೆ. 1,500 ಪಟ್ಟಿಗೆ ಸುಮಾರು 0.19 ವೋಲ್ಟ್ ಹೋಗುತ್ತದೆ, ಅಂದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಬರೀ ಆಕ್ಟಿವೇಟೆಡ್ ಕಾರ್ಬನ್ ಎಲೆಕ್ಟ್ರೋಡ್ ಆದರಂತೂ ಉಪ್ಪೆಲ್ಲ ಒಟ್ಟಿಗೇ ಬರುತ್ತದೆ, ಲಿಥಿಯಂ ಬೇರೆಯಾಗುವುದಿಲ್ಲ.

ಆದ್ದರಿಂದ ಕೃತಕ ಉಪ್ಪುನೀರಿನಿಂದ ಶುರುಮಾಡಿ: 200 ಮಿ.ಲೀ. ಡಿಸ್ಟಿಲ್ಡ್ ವಾಟರ್, 122 ಮಿ.ಗ್ರಾಂ ಲಿಥಿಯಂ ಕ್ಲೋರೈಡ್ (20 ಮಿ.ಗ್ರಾಂ ಲಿಥಿಯಂ), 2 ಗ್ರಾಂ ಸೋಡಿಯಂ ಕ್ಲೋರೈಡ್. ಲಿಥಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಓವನ್‌ನಲ್ಲಿ ಒಣಗಿಸಿ, ಆರಿದ ತಕ್ಷಣ ತೂಗಿ.

ಲಿಥಿಯಂ ಐರನ್ ಫಾಸ್ಫೇಟ್, ಕಾರ್ಬನ್ ಬ್ಲ್ಯಾಕ್ (ಕರೆಂಟ್ ಹರಿಸುವ ಇಂಗಾಲದ ಪುಡಿ), ಪಿವಿಡಿಎಫ್ (ಅಂಟಿನಂತೆ ಹಿಡಿದಿಡುವ ಪ್ಲಾಸ್ಟಿಕ್) ಇವನ್ನು ತೂಕದಲ್ಲಿ 80:10:10ರಂತೆ ಎನ್‌ಎಂಪಿ ಎಂಬ ದ್ರಾವಕದಲ್ಲಿ ಕಲಸಿ (ಫ್ಯೂಮ್ ಹುಡ್ ಒಳಗೇ), 5×5 ಸೆಂ.ಮೀ. ಕಾರ್ಬನ್ ಬಟ್ಟೆಗೆ ಬಳಿದು ಒಣಗಿಸಿ. ಅದರಲ್ಲಿ 200 ಮಿ.ಗ್ರಾಂ ಲಿಥಿಯಂ ಐರನ್ ಫಾಸ್ಫೇಟ್ ಇರಲಿ. ಮೊದಲು ಬರೀ ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ ಚಾರ್ಜ್ ಮಾಡಿ ಒಳಗಿನ ಲಿಥಿಯಂ ಹೊರಹಾಕಿ, ಖಾಲಿ ಐರನ್ ಫಾಸ್ಫೇಟ್ ಉಳಿಯುತ್ತದೆ. ಆಮೇಲೆ ತೊಳೆದು, ನಿಮ್ಮ ಉಪ್ಪುನೀರಿನಲ್ಲಿ 3 ಮಿಲಿಆಂಪಿಯರ್ ಉಲ್ಟಾ ಹರಿಸಿ. ಎಂಟೊಂಬತ್ತು ತಾಸಿಗೆ 6ರಿಂದ 7 ಮಿ.ಗ್ರಾಂ ಲಿಥಿಯಂ ಸೇರಬೇಕು. ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜ್ ಬದಲಾಗದ, ಹೋಲಿಕೆಗಷ್ಟೇ ಇಡುವ ಎಲೆಕ್ಟ್ರೋಡ್) ಎದುರು ವೋಲ್ಟೇಜ್ ದಿಢೀರನೆ ಕುಸಿಯತೊಡಗಿದರೆ ನಿಲ್ಲಿಸಿ, ಅದರಾಚೆಗೆ ಸೋಡಿಯಂ ನುಗ್ಗುತ್ತದೆ. ಕೊನೆಗೆ 25 ಮಿ.ಲೀ. ತೆಳು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮತ್ತೆ ಚಾರ್ಜ್ ಮಾಡಿ ಬಿಡಿಸಿಕೊಳ್ಳಿ.

ಸರ್ಕ್ಯೂಟ್ ಪೂರ್ತಿಯಾಗಲು ಬೇಕಾದ ಎದುರು ಎಲೆಕ್ಟ್ರೋಡಿಗೆ ಕನಿಷ್ಠ 2 ಗ್ರಾಂ ಆಕ್ಟಿವೇಟೆಡ್ ಕಾರ್ಬನ್ ಬಟ್ಟೆ ಹಾಕಿ. ಇದರಲ್ಲಿ ಜಿಪುಣತನ ಮಾಡಿದರೆ ಬೀಕರಿನಿಂದ ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದೆ. ಅದು ಕ್ಲೋರಿನ್.

ಹೆಚ್ಚಿನವರು ಮರೆಯುವುದು ಆಕ್ಸಿಜನ್ನನ್ನು. ನೀರಿನಲ್ಲಿ ಕರಗಿದ ಆಕ್ಸಿಜನ್ ಕರೆಂಟನ್ನು ತಿಂದುಹಾಕುತ್ತದೆ, ಮೀಟರ್ ಮಾತ್ರ ಚೆನ್ನಾಗಿಯೇ ತೋರಿಸುತ್ತದೆ. ಎಲೆಕ್ಟ್ರೋಡ್ ಬಳಿ ಕ್ಷಾರ ಹೆಚ್ಚಿ ಫಾಸ್ಫೇಟ್ ಕರಗಿಹೋಗುತ್ತದೆ. ಮೊದಲು ಅರ್ಧ ತಾಸು, ಪ್ರಯೋಗದುದ್ದಕ್ಕೂ ಸಣ್ಣಗೆ, ನೈಟ್ರೋಜನ್ ಹಾಯಿಸಿ. ಮಿಲಿಆಂಪಿಯರ್-ಅವರ್ ನಂಬದೆ ಫ್ಲೇಮ್ ಫೋಟೋಮೀಟರ್‌ನಲ್ಲಿ (ಜ್ವಾಲೆಯ ಬಣ್ಣದ ಬೆಳಕನ್ನು ಅಳೆಯುವ ಉಪಕರಣ) 671 ನ್ಯಾನೋಮೀಟರ್‌ಗೆ ಲಿಥಿಯಂ ಅಳೆಯಿರಿ. ಹೋಲಿಕೆಗೆ ಬಳಸುವ, ಲಿಥಿಯಂ ಎಷ್ಟಿದೆ ಎಂದು ಗೊತ್ತಿರುವ ದ್ರಾವಣಗಳಿಗೂ (ಸ್ಟ್ಯಾಂಡರ್ಡ್) ಸ್ಯಾಂಪಲ್‌ನಲ್ಲಿರುವಷ್ಟೇ ಉಪ್ಪು ಸೇರಿಸಿ.

ಇದು ಸರಿಬಂದ ಮೇಲೆ ನಿಮ್ಮೂರ ನೀರಿಗೆ ಲಿಥಿಯಂ ಬೆರೆಸಿ ನೋಡಿ. ಗಡಸು ನೀರಾದರೆ ಬಟ್ಟೆಯ ಮೇಲೆ ಬಿಳಿ ಪದರ ಕಟ್ಟಬಹುದು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಮೊದಲೇ ಸಾಫ್ಟ್‌ನರ್ ರೆಸಿನ್ ಹಾಯಿಸಿದರೆ ಅದು ತಪ್ಪುತ್ತದೆ, ಆದರೆ ಬದಲಿಗೆ ಇನ್ನಷ್ಟು ಸೋಡಿಯಂ ಸೇರಿಕೊಳ್ಳುತ್ತದೆ.