ಪ್ರೀತಿ ಭೋಜನಕ್ಕೆ ಏನು ಒಯ್ಯಲಿ?

ಪ್ರಶ್ನೆ: ಅಕ್ಕಾ, ನನ್ನ ತವರು ಮಂಗಳೂರು, ಮದುವೆಯಾಗಿ ಹುಬ್ಬಳ್ಳಿಗೆ ಬಂದಿದ್ದೀನಿ. ಮುಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಆರಾಧನೆ ಆದಮೇಲೆ ಪ್ರೀತಿ ಭೋಜನ, ಮನೆಗೊಂದು ಅಡುಗೆ ತರಬೇಕಂತೆ. ನನಗೆ ಕೋರಿ ರೊಟ್ಟಿ ಮಾಡೋ ಆಸೆ. ಅತ್ತೆ, ಸುಮ್ನೆ ಪಲಾವ್ ಮಾಡು ಅಂತಾರೆ. ಎಲ್ಲರೂ ಇಷ್ಟಪಟ್ಟು ತಿನ್ನೋದು ಯಾವುದು? ಪಾತ್ರೆ ಹಾಗೇ ವಾಪಸ್ ಬಂದರೆ ಅಂತ ಭಯ.
— ಹೊಸ ಸೊಸೆ, ಹುಬ್ಬಳ್ಳಿ

ಉತ್ತರ: ಪಲಾವ್ ಬೇಡ ತಂಗಿ. ಇಂಥ ಊಟಕ್ಕೆ ನಾಲ್ಕೈದು ಮನೆಯವರಾದರೂ ಪಲಾವ್ ತಂದೇ ತರುತ್ತಾರೆ. ಕೋರಿ ರೊಟ್ಟಿಯೂ ಬೇಡ, ಅದು ಕೂತು ತಿನ್ನೋ ಊಟ. ಗರಿಗರಿ ಅಕ್ಕಿ ರೊಟ್ಟಿ ಮೇಲೆ ಬಿಸಿ ಕೋಳಿ ಸಾರು ಹಾಕಿದ ಕೂಡಲೇ ತಿನ್ನಬೇಕು, ತಟ್ಟೆ ಹಿಡಿದು ನಿಂತವರಿಗೆ ಆ ಸಾರು ಸೀರೆ ಮೇಲೇ ಬೀಳುತ್ತೆ.

ನೀವು ಬೆಳಿಗ್ಗೆ ಎಂಟಕ್ಕೆ ಇಳಿಸಿದ್ದು ಜನರ ಬಾಯಿಗೆ ಹೋಗೋದು ಹನ್ನೆರಡೂವರೆಗೆ. ಆರಿದ ಮೇಲೂ ರುಚಿ ಇರಬೇಕು, ರೊಟ್ಟಿ ಜೊತೆ ಹೋಗಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳ ಸಂಸ್ಥೆ ಬಾಸೆಲ್ ಮಿಷನ್ ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ, ಆದರೆ ಇಲ್ಲಿನ ಸಭೆಯವರ ತಟ್ಟೆಯಲ್ಲಿ ಇರೋದು ಈ ನೆಲದ ಜೋಳ, ಶೇಂಗಾ, ಬದನೆಕಾಯಿನೇ. ಖಡಕ್ ರೊಟ್ಟಿಯನ್ನು ಯಾರಾದರೂ ರಾಶಿಗಟ್ಟಲೆ ತರುತ್ತಾರೆ, ಅದಕ್ಕೆ ಪಲ್ಯ ಸಾಲದೇ ಹೋಗುತ್ತೆ. ಹಾಗಾಗಿ ಎಣ್ಣೆಗಾಯಿ ಮಾಡಿ.

ಎಳೆ ಬದನೆಕಾಯಿ, ಚಿಕ್ಕವು, ಒಂದು ಕಿಲೋಗೆ ಇಪ್ಪತ್ತರಿಂದ ಇಪ್ಪತ್ತೈದು ಬರುವಂಥವು. ತೊಟ್ಟು ಬಿಟ್ಟು ನಾಲ್ಕು ಸೀಳು ಮಾಡಿ, ಉಪ್ಪು ನೀರಲ್ಲಿ ಹಾಕಿಡಿ. ಹುರಿದ ಶೇಂಗಾ, ಎಳ್ಳು, ಒಣ ಕೊಬ್ಬರಿ, ಬ್ಯಾಡಗಿ ಮೆಣಸಿನಪುಡಿ, ಹುಣಸೆಹುಳಿ, ಚೂರು ಬೆಲ್ಲ ಸೇರಿಸಿ ತುಂಬಿ. ಹಸಿ ತೆಂಗಿನಕಾಯಿ ಹಾಕಬೇಡಿ, ಮಂಗಳೂರಿನ ಕೈ ಅದರ ಕಡೆಗೇ ಹೋಗುತ್ತೆ ಅಂತ ಗೊತ್ತು, ಆದರೆ ಇಲ್ಲಿನ ಬಿಸಿಲಿಗೆ ಬೇಗ ಹಳಸುತ್ತೆ. ಎಣ್ಣೆಗೆ ಕಂಜೂಸಿ ಬೇಡ. ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಮಸಾಲೆ ಅಂಚಿಂದ ಎಣ್ಣೆ ಬಿಡೋವರೆಗೆ. ಮಧ್ಯಾಹ್ನಕ್ಕೆ ಮಸಾಲೆ ಕಾಯಿಗೆ ಹಿಡಿದು ಇನ್ನೂ ಚೆನ್ನಾಗಿರುತ್ತೆ. ಎರಡು ಕಿಲೋ ಸಾಕು, ಎಲ್ಲರಿಗೂ ಮುಟ್ಟಬೇಕಂತಿಲ್ಲ.

ಬದನೆ ಕೈ ಹಿಡಿಯಲ್ಲ ಅಂದರೆ ಮೊಸರು ಬುತ್ತಿ. ಅನ್ನ ಮೆತ್ತಗೆ ಮಾಡಿ ಹಿಸುಕಿ, ಉಗುರುಬೆಚ್ಚಗಾದಾಗ ಜಾಸ್ತಿ ಹಾಲು, ಒಂದೆರಡು ಚಮಚ ಮೊಸರು. ಊಟದ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟುತ್ತೆ, ಹುಳಿ ಬರಲ್ಲ. ಮಕ್ಕಳು, ವಯಸ್ಸಾದವರು ಮೊದಲು ಹುಡುಕೋದೇ ಇದನ್ನು. ಗಿರ್ಮಿಟ್, ಮಿರ್ಚಿ ಮಾತ್ರ ಒಯ್ಯಬೇಡಿ, ಒಂದು ಮೆತ್ತಗಾಗುತ್ತೆ, ಇನ್ನೊಂದು ಆರಿದರೆ ಯಾರೂ ಮುಟ್ಟಲ್ಲ.

ತವರಿನ ರುಚಿ ತೋರಿಸಲೇಬೇಕು ಅಂದರೆ ಕೋಳಿ ಸುಕ್ಕ ಮಾಡಿ, ಜೋಳದ ರೊಟ್ಟಿಗೆ ಅದು ತುಂಬಾ ಚೆನ್ನಾಗಿ ಹೊಂದುತ್ತೆ. ಆದರೆ ಚರ್ಚಿನ ಅಡುಗೆಮನೆಯಲ್ಲಿ ಒಲೆ ಇದ್ದರೆ ಮಾತ್ರ. ಬೆಳಿಗ್ಗೆ ಬೇಯಿಸಿದ ಕೋಳಿಯನ್ನು ಹಾಗೇ ಹೊರಗಿಟ್ಟು ಮಧ್ಯಾಹ್ನ ಬಡಿಸೋದು ಸರಿಯಲ್ಲ. ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬಾರದು. ಆರಿಸಿ ಫ್ರಿಜ್‌ನಲ್ಲಿಟ್ಟು, ತಂಪಾಗೇ ಒಯ್ದು, ಅಲ್ಲಿ ಹಬೆಯಾಡೋ ಹಾಗೆ ಕುದಿಸಿ ಬಡಿಸಿ.

ಇವತ್ತೇ ಮಹಿಳಾ ಸಂಘದವರಿಗೆ ಫೋನ್ ಮಾಡಿ, ಯಾರು ಏನು ತರ್ತಾರೆ ಕೇಳಿ. ಹೊಸಬರು ಅಂತ ಸಂಕೋಚ ಬೇಡ, ಕೇಳಿದರೆ ಅವರಿಗೂ ಖುಷಿ. ಪಾತ್ರೆಗೆ ನಿಮ್ಮ ಹೆಸರು ಬರೆದು ಅಂಟಿಸಿ, ಶೇಂಗಾ ಹಾಕಿದ್ದರೆ ಅದನ್ನೂ ಬರೆಯಿರಿ, ಕೆಲವರಿಗೆ ಆಗಿಬರಲ್ಲ. ಬಡಿಸೋ ಚಮಚ ಮನೆಯಿಂದಲೇ ಒಯ್ಯಿರಿ. ಅಲ್ಲಿ ಯಾವತ್ತೂ ಚಮಚ ಸಾಲಲ್ಲ, ಕೋಳಿಗೆ ಹಾಕಿದ ಚಮಚ ಬುತ್ತಿಗೆ ಹೋದರೆ ಶಾಕಾಹಾರಿಗಳು ಊಟ ಬಿಟ್ಟು ಏಳಬೇಕಾಗುತ್ತೆ.